ಗರ್ಭಿಣಿಯರ ರಕ್ತಹೀನತೆ: ಮೆಡಿಕಲ್ ಶಾಪ್ ಕೌಂಟರ್‌ನಲ್ಲೇ ಕೇಳಿ ತಿಳಿಯಬೇಕಾದ ಸಂಗತಿಗಳು

ತುಮಕೂರು: ಗರ್ಭಿಣಿಯರಿಗೆ ಕೊಡುವ ಕೆಂಪು ಬಣ್ಣದ ಕಬ್ಬಿಣಾಂಶದ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೇ ತಂದು ಕೊಡುತ್ತಾರೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರು ಗರ್ಭಿಣಿಯರಲ್ಲಿ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. ದೇಶದ ಮಟ್ಟದಲ್ಲಿ ಈ ಸಂಖ್ಯೆ 52. ಇದೇ ಸಮೀಕ್ಷೆ ಇನ್ನೊಂದು ಮಾತನ್ನೂ ಹೇಳುತ್ತದೆ: ಬಸುರಿನಲ್ಲಿ 180 ದಿನ ಮಾತ್ರೆ ನುಂಗಿದವರು ದೇಶದಲ್ಲಿ ನೂರಕ್ಕೆ 26 ಮಂದಿ ಮಾತ್ರ.

ಅಂದರೆ ಮಾತ್ರೆ ಮನೆಗೆ ಬರುತ್ತದೆ, ಹೊಟ್ಟೆಗೆ ಹೋಗುವುದಿಲ್ಲ. ವಾಂತಿ ಬರುತ್ತೆ, ಮಲ ಕಪ್ಪಾಗುತ್ತೆ, ಉಷ್ಣ ಆಗುತ್ತೆ ಅಂತ ಸ್ಟ್ರಿಪ್‌ಗಳು ಬೀರುವಿನಲ್ಲೇ ಉಳಿಯುತ್ತವೆ. ಈ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಎರಡು ನಿಮಿಷದ ವಿವರಣೆ ಸಾಕು. ಆ ವಿವರಣೆ ಕೊಡಬಲ್ಲ, ಊರಿಗೆ ಹತ್ತಿರದಲ್ಲೇ ಇರುವ ಒಬ್ಬರು ಮೆಡಿಕಲ್ ಶಾಪ್‌ನ ಫಾರ್ಮಸಿಸ್ಟ್. ಅವರು ಏನು ಹೇಳಬೇಕು, ಜನ ಏನು ಕೇಳಬೇಕು ಎಂಬುದರ ಮಾಹಿತಿ ಇಲ್ಲಿದೆ.

ಎಚ್‌ಬಿ ಎಷ್ಟಿರಬೇಕು?

ರಕ್ತದಲ್ಲಿ ಆಮ್ಲಜನಕ ಹೊರುವ ಅಂಶವೇ ಹಿಮೋಗ್ಲೋಬಿನ್. ಜನ ಬಾಯಲ್ಲಿ 'ಎಚ್‌ಬಿ' ಅಥವಾ 'ರಕ್ತದ ಪಾಯಿಂಟ್' ಅನ್ನೋದು ಇದಕ್ಕೇ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಬಳಸುವ ಅಳತೆ ಹೀಗಿದೆ:

- 11 ಗ್ರಾಂ ಅಥವಾ ಮೇಲ್ಪಟ್ಟು: ಸರಿ ಇದೆ
- 10ರಿಂದ 10.9: ಸೌಮ್ಯ ರಕ್ತಹೀನತೆ
- 7ರಿಂದ 9.9: ಮಧ್ಯಮ
- 7ಕ್ಕಿಂತ ಕಡಿಮೆ: ತೀವ್ರ

ತಾಯಿ ಕಾರ್ಡ್‌ನಲ್ಲಿ ಪ್ರತಿ ತಪಾಸಣೆಯ ಎಚ್‌ಬಿ ಬರೆದಿರುತ್ತಾರೆ. ಮೆಡಿಕಲ್ ಶಾಪ್‌ಗೆ ಹೋಗುವಾಗ ಚೀಟಿಯ ಜೊತೆ ಆ ಕಾರ್ಡನ್ನೂ ತಗೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ. ಎಷ್ಟೋ ಸಲ ಅಂಗಡಿಗೆ ಬರೋದು ಗಂಡ, ಅತ್ತೆ ಅಥವಾ ಮೈದುನ. ಅವರಿಗೆ ಎಷ್ಟು ತಿಂಗಳು, ಎಚ್‌ಬಿ ಎಷ್ಟು ಎಂಬುದು ಗೊತ್ತಿರುವುದಿಲ್ಲ. ಕಾರ್ಡ್ ಇದ್ದರೆ ಊಹೆ ಬೇಕಾಗುವುದಿಲ್ಲ.

ಕಡಿಮೆ ಆದರೆ ಏನಾಗುತ್ತೆ?

ಬಸುರಿನಲ್ಲಿ ತಾಯಿಯ ರಕ್ತದ ಪ್ರಮಾಣ ಹೆಚ್ಚಬೇಕು, ಮಗು ಬೆಳೆಯಬೇಕು, ಮಾಸು ಬೆಳೆಯಬೇಕು. ಇದಕ್ಕೆಲ್ಲ ಒಟ್ಟು ಸುಮಾರು 1000 ಮಿಲಿಗ್ರಾಂ ಕಬ್ಬಿಣ ಬೇಕು. ಮೊದಲೇ ಮೈಯಲ್ಲಿ ದಾಸ್ತಾನು ಕಡಿಮೆ ಇರುವ ಹೆಣ್ಣುಮಕ್ಕಳಿಗೆ ಊಟವೊಂದರಿಂದಲೇ ಇದನ್ನು ತುಂಬಿಸಿಕೊಳ್ಳುವುದು ಕಷ್ಟ.

ಆರಂಭದಲ್ಲಿ ಸುಸ್ತು, ತಲೆಸುತ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಬಡಿತ. 'ಬಸುರಿ ಅಂದ್ಮೇಲೆ ಇದೆಲ್ಲ ಇದ್ದದ್ದೇ' ಎಂದು ಬಿಟ್ಟುಬಿಡುವುದೇ ಹೆಚ್ಚು. ನಿಜವಾದ ಅಪಾಯ ಇರುವುದು ಹೆರಿಗೆಯ ಹೊತ್ತಿನಲ್ಲಿ. ಎಚ್‌ಬಿ ಚೆನ್ನಾಗಿರುವ ತಾಯಿ ತಡೆದುಕೊಳ್ಳುವಷ್ಟು ರಕ್ತಸ್ರಾವ, ಎಚ್‌ಬಿ 6 ಅಥವಾ 7 ಇರುವ ತಾಯಿಯ ಜೀವಕ್ಕೇ ಕುತ್ತು ತರಬಹುದು. ದಿನ ತುಂಬುವ ಮೊದಲೇ ಹೆರಿಗೆ, ಕಡಿಮೆ ತೂಕದ ಮಗು, ಹೆರಿಗೆ ನಂತರದ ಸೋಂಕು ಇವೂ ಹೆಚ್ಚು.

ಫಾರ್ಮಸಿಸ್ಟ್ ವಿವರಿಸುವುದು ಉಪಕಾರವಲ್ಲ, ಕೆಲಸ

ಔಷಧ ಕೊಡುವಾಗ ಅದನ್ನು ಹೇಗೆ ಬಳಸಬೇಕು, ಯಾವುದರ ಜೊತೆ ಸೇರಿಸಬಾರದು, ಏನು ಅಡ್ಡಪರಿಣಾಮ ಆಗಬಹುದು ಎಂದು ರೋಗಿಗೆ ತಿಳಿಸುವುದು ನೋಂದಾಯಿತ ಫಾರ್ಮಸಿಸ್ಟ್‌ನ ಕರ್ತವ್ಯ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ಆದ್ದರಿಂದ 'ಇದನ್ನ ಹೇಗೆ ತಗೋಬೇಕು ಸಾರ್?' ಅಂತ ಕೇಳೋಕೆ ಸಂಕೋಚ ಬೇಡ. ಕೌಂಟರ್‌ನಲ್ಲಿ ಇರುವವರು ಸಹಾಯಕ ಹುಡುಗರಾಗಿದ್ದರೆ, ಫಾರ್ಮಸಿಸ್ಟ್ ಯಾರು ಎಂದು ಕೇಳಿ ಅವರ ಹತ್ತಿರವೇ ಮಾತಾಡಬಹುದು.

ಇದಕ್ಕೊಂದು ಮಿತಿಯೂ ಇದೆ. ರೋಗ ನಿರ್ಧರಿಸುವುದು, ಡೋಸ್ ಬದಲಿಸುವುದು, ಚೀಟಿ ಇಲ್ಲದೆ ಕಬ್ಬಿಣದ ಇಂಜೆಕ್ಷನ್ ಕೊಡುವುದು ಮೆಡಿಕಲ್ ಶಾಪ್‌ನವರ ಕೆಲಸವಲ್ಲ. 'ಮುಖ ಬಿಳಿಚಿಕೊಂಡಿದೆ, ಒಂದು ಟಾನಿಕ್ ಕೊಡಿ' ಅಂತ ಬಂದವರಿಗೆ ಸರಿಯಾದ ಉತ್ತರ ಟಾನಿಕ್ ಬಾಟಲಿಯಲ್ಲ. 'ಮೊದಲು ಎಚ್‌ಬಿ ನೋಡಿಸಿ' ಎಂಬ ಮಾತು.

ಮಾತ್ರೆಯ ಲೆಕ್ಕ

2018ರಲ್ಲಿ ಆರಂಭವಾದ 'ಅನೀಮಿಯಾ ಮುಕ್ತ ಭಾರತ' ಕಾರ್ಯಕ್ರಮದ ಪ್ರಕಾರ:

- ಮೊದಲ ಮೂರು ತಿಂಗಳು: ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ಇದು ಮಗುವಿನ ಮೆದುಳು, ಬೆನ್ನುಹುರಿ ಸರಿಯಾಗಿ ರೂಪುಗೊಳ್ಳುವುದಕ್ಕೆ.
- ನಾಲ್ಕನೇ ತಿಂಗಳಿಂದ: ದಿನಕ್ಕೊಂದು ಕೆಂಪು ಮಾತ್ರೆ. ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ಕನಿಷ್ಠ 180 ದಿನ.
- ಹೆರಿಗೆಯಾದ ಮೇಲೆ: ಅದೇ ಮಾತ್ರೆ ಮತ್ತೆ 180 ದಿನ.
- ಎರಡನೇ ತ್ರೈಮಾಸಿಕದಲ್ಲಿ ಒಮ್ಮೆ: ಜಂತುಹುಳು ನಿವಾರಣೆಗೆ 400 ಮಿಲಿಗ್ರಾಂ ಆಲ್ಬೆಂಡಜೋಲ್, ಆಸ್ಪತ್ರೆಯವರು ಹೇಳಿದಾಗ. ಮೊದಲ ಮೂರು ತಿಂಗಳಲ್ಲಿ ಇದನ್ನು ತಗೋಬಾರದು.

ಸೌಮ್ಯ ಅಥವಾ ಮಧ್ಯಮ ರಕ್ತಹೀನತೆ ಇದ್ದವರಿಗೆ ವೈದ್ಯರು ದಿನಕ್ಕೆ ಎರಡು ಮಾತ್ರೆ ಬರೆಯುತ್ತಾರೆ. ತಿಂಗಳಿಗೊಮ್ಮೆ ಎಚ್‌ಬಿ ನೋಡಿಸಬೇಕು. ಒಂದು ತಿಂಗಳಲ್ಲಿ ಕನಿಷ್ಠ 1 ಗ್ರಾಂ ಏರದಿದ್ದರೆ ಮಾತ್ರೆ ಸರಿಯಾಗಿ ತಗೊಳ್ತಾ ಇಲ್ಲ, ಅಥವಾ ಬೇರೆ ಕಾರಣ ಇದೆ ಎಂದರ್ಥ. ಆಗ ದೊಡ್ಡ ಆಸ್ಪತ್ರೆಗೆ ತೋರಿಸಬೇಕು.

10 ಮಾತ್ರೆಯ ಸ್ಟ್ರಿಪ್ ಲೆಕ್ಕದಲ್ಲಿ 180 ದಿನ ಎಂದರೆ 18 ಸ್ಟ್ರಿಪ್. ಫಾರ್ಮಸಿಸ್ಟ್ ಸ್ಟ್ರಿಪ್ ಮೇಲೆ ಆರಂಭದ ತಾರೀಕು ಬರೆದು ಕೊಟ್ಟರೆ, ಮುಂದಿನ ಸಲ ಬಂದಾಗ ಎಷ್ಟು ಉಳಿದಿದೆ ನೋಡಿ ಬಿಟ್ಟ ದಿನಗಳನ್ನು ಲೆಕ್ಕ ಹಾಕಬಹುದು. ಒಂದು ದಿನ ಮರೆತರೆ ಮರುದಿನ ಎಂದಿನಂತೆ ಮುಂದುವರಿಸಿದರೆ ಸಾಕು. ಬಿಟ್ಟಿದ್ದನ್ನೂ ಸೇರಿಸಿ ಒಟ್ಟಿಗೆ ನುಂಗುವುದು ಬೇಡ.

ಯಾವಾಗ, ಯಾವುದರ ಜೊತೆ?

ಹೆಚ್ಚು ಎಡವಟ್ಟಾಗುವುದು ಇಲ್ಲೇ. ಮಾತ್ರೆ ನುಂಗಿದರೂ ಕಬ್ಬಿಣ ಮೈಗೆ ಹತ್ತದಂತೆ ಮಾಡುವ ಮೂರು ಸಂಗತಿಗಳು ಪ್ರತಿ ಮನೆಯಲ್ಲೂ ಇವೆ.

*ಟೀ, ಕಾಫಿ:* ಇವುಗಳಲ್ಲಿರುವ ಟ್ಯಾನಿನ್‌ನಂಥ ಅಂಶಗಳು ಕಬ್ಬಿಣವನ್ನು ಕಟ್ಟಿಹಾಕುತ್ತವೆ. ಮಾತ್ರೆಗೂ ಟೀಗೂ ಕನಿಷ್ಠ ಎರಡು ಗಂಟೆ ಅಂತರ ಇರಲಿ. ಊಟವಾದ ಕೂಡಲೇ ಟೀ ಕುಡಿಯುವ ಅಭ್ಯಾಸವೂ ಊಟದ ಕಬ್ಬಿಣವನ್ನು ಹಾಳು ಮಾಡುತ್ತದೆ.

*ಹಾಲು ಮತ್ತು ಕ್ಯಾಲ್ಸಿಯಂ ಮಾತ್ರೆ:* 'ಎರಡೂ ಶಕ್ತಿ ಮಾತ್ರೆ, ಒಟ್ಟಿಗೇ ಹಾಕ್ಕೊಂಡ್ರಾಯ್ತು' ಎಂದು ಹಾಲಿನ ಲೋಟದ ಜೊತೆ ಎರಡನ್ನೂ ನುಂಗುವವರು ಬಹಳ. ಕ್ಯಾಲ್ಸಿಯಂ ಕಬ್ಬಿಣದ ಹೀರಿಕೆಯನ್ನು ತಡೆಯುತ್ತದೆ. ಎರಡರ ನಡುವೆ ಕನಿಷ್ಠ ಎರಡು ಗಂಟೆ ಬಿಡಬೇಕು.

*ಗ್ಯಾಸ್ಟ್ರಿಕ್ ಮದ್ದು:* ಎದೆಯುರಿಗೆ ಕುಡಿಯುವ ಆಂಟಾಸಿಡ್, ಆಮ್ಲ ಕಡಿಮೆ ಮಾಡುವ ಮಾತ್ರೆಗಳೂ ಕಬ್ಬಿಣದ ಹೀರಿಕೆಯನ್ನು ತಗ್ಗಿಸುತ್ತವೆ. ಬೇಕಾದರೆ ವೈದ್ಯರನ್ನು ಕೇಳಿ, ಸಮಯ ಬೇರೆ ಮಾಡಿಕೊಳ್ಳಬೇಕು.

ಥೈರಾಯ್ಡ್ ಮಾತ್ರೆ ತಗೊಳ್ಳುವವರು ಇನ್ನೂ ಎಚ್ಚರ ವಹಿಸಬೇಕು. ಕಬ್ಬಿಣ ಥೈರಾಯ್ಡ್ ಮಾತ್ರೆಯ ಕೆಲಸವನ್ನೇ ಕೆಡಿಸುತ್ತದೆ. ಎರಡಕ್ಕೂ ನಾಲ್ಕು ಗಂಟೆ ಅಂತರ ಬೇಕು. ಅದಕ್ಕೇ ಕಬ್ಬಿಣದ ಮಾತ್ರೆ ಕೊಡುವ ಮೊದಲು 'ಬೇರೆ ಏನು ಮಾತ್ರೆ ತಗೋತಿದ್ದೀರಿ?' ಎಂದು ಫಾರ್ಮಸಿಸ್ಟ್ ಕೇಳಲೇಬೇಕು. ಕೇಳದಿದ್ದರೆ ಗಿರಾಕಿಯೇ ಹೇಳಬೇಕು.

ಹೀರಿಕೆ ಹೆಚ್ಚಿಸುವುದು ವಿಟಮಿನ್ ಸಿ. ಮಾತ್ರೆಯನ್ನು ನಿಂಬೆಹಣ್ಣಿನ ನೀರಿನ ಜೊತೆ ನುಂಗಿದರೆ ಒಳ್ಳೆಯದು. ನೆಲ್ಲಿಕಾಯಿ, ಸೀಬೆಹಣ್ಣು ಕೂಡ ಆಗುತ್ತದೆ.

ಒಂದು ದಿನದ ವೇಳಾಪಟ್ಟಿ ಹೀಗಿರಬಹುದು:

- ಬೆಳಿಗ್ಗೆ ತಿಂಡಿ ಜೊತೆ: ಕ್ಯಾಲ್ಸಿಯಂ
- ಮಧ್ಯಾಹ್ನ ಊಟದ ಜೊತೆ: ಎರಡನೇ ಕ್ಯಾಲ್ಸಿಯಂ
- ರಾತ್ರಿ ಊಟವಾಗಿ ಒಂದೆರಡು ಗಂಟೆ ಬಿಟ್ಟು, ಮಲಗುವ ಮುಂಚೆ: ಕಬ್ಬಿಣದ ಮಾತ್ರೆ, ನಿಂಬೆ ನೀರಿನ ಜೊತೆ

ಮಾತೃಪೂರ್ಣ ಯೋಜನೆಯಡಿ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ಮಾಡಿ ಅಲ್ಲೇ ಕಬ್ಬಿಣದ ಮಾತ್ರೆ ನುಂಗುವವರು ಕ್ಯಾಲ್ಸಿಯಂ ಅನ್ನು ಬೆಳಿಗ್ಗೆ ಮತ್ತು ರಾತ್ರಿಗೆ ಇಟ್ಟುಕೊಳ್ಳಬೇಕು. ಮನೆಗೆ ಬಂದು ರಾತ್ರಿ ಮತ್ತೊಂದು ಕಬ್ಬಿಣದ ಮಾತ್ರೆ, ವೈದ್ಯರು ಹೇಳದ ಹೊರತು, ಬೇಡ.

ವಾಂತಿ, ಮಲಬದ್ಧತೆ, ಕಪ್ಪು ಮಲ

ಮಲ ಕಪ್ಪಾಗುವುದು ಕಬ್ಬಿಣದ ಮಾತ್ರೆಯ ಸಹಜ ಪರಿಣಾಮ. ಹೆದರಬೇಕಿಲ್ಲ. ಮೊದಲೇ ಹೇಳದಿದ್ದರೆ ಮಾತ್ರ 'ಏನೋ ಆಗೋಯ್ತು' ಎಂದು ಮಾತ್ರೆ ನಿಲ್ಲಿಸಿಬಿಡುತ್ತಾರೆ. ಆದರೆ ಮಲ ಡಾಂಬರಿನಂತೆ ಅಂಟಾಗಿದ್ದು ಕೆಟ್ಟ ವಾಸನೆ, ಹೊಟ್ಟೆನೋವು ಇದ್ದರೆ, ಅಥವಾ ರಕ್ತ ಕಂಡರೆ ಆಸ್ಪತ್ರೆಗೆ ಹೋಗಬೇಕು.

ಹೊಟ್ಟೆ ತೊಳಸುವುದು, ವಾಕರಿಕೆ ಶುರುವಿನ ಕೆಲವು ದಿನ ಹೆಚ್ಚಿರುತ್ತದೆ. ಖಾಲಿ ಹೊಟ್ಟೆಯಲ್ಲಿ ಹೀರಿಕೆ ಚೆನ್ನಾಗಿದ್ದರೂ, ತಡೆಯಲಾಗದವರು ಸ್ವಲ್ಪ ಆಹಾರದ ಜೊತೆ ತಗೋಬಹುದು. ಸ್ವಲ್ಪ ಕಡಿಮೆ ಹೀರಿಕೆಯಾದರೂ ಮಾತ್ರೆ ನಿಲ್ಲಿಸುವುದಕ್ಕಿಂತ ಅದೇ ವಾಸಿ. ಮಲಗುವ ಹೊತ್ತಿಗೆ ತಗೊಂಡರೆ ವಾಕರಿಕೆ ನಿದ್ದೆಯಲ್ಲಿ ಕಳೆದುಹೋಗುತ್ತದೆ.

ಮಲಬದ್ಧತೆಗೆ ನೀರು ಹೆಚ್ಚು ಕುಡಿಯುವುದು, ಸೊಪ್ಪು, ತರಕಾರಿ, ಹಣ್ಣು, ಸ್ವಲ್ಪ ನಡಿಗೆ. ಭೇದಿ ಮಾತ್ರೆಯನ್ನು ತಾವೇ ಕೊಂಡು ನುಂಗುವುದು ಬೇಡ. ಇಷ್ಟಾದರೂ ಆಗದಿದ್ದರೆ ವೈದ್ಯರು ಬೇರೆ ಬಗೆಯ ಕಬ್ಬಿಣದ ಮಾತ್ರೆ ಬರೆದುಕೊಡಬಹುದು.

ಸ್ಟ್ರಿಪ್ ಹಿಂದೆ ಏನು ಬರೆದಿದೆ?

ಖಾಸಗಿ ಕಂಪನಿಗಳ ಕಬ್ಬಿಣದ ಮಾತ್ರೆಗಳು ಹತ್ತಾರು. ಫೆರಸ್ ಸಲ್ಫೇಟ್, ಫೆರಸ್ ಫ್ಯುಮರೇಟ್, ಫೆರಸ್ ಆಸ್ಕಾರ್ಬೇಟ್ ಹೀಗೆ ಹೆಸರುಗಳು. ಸ್ಟ್ರಿಪ್ ಮೇಲಿನ ದೊಡ್ಡ ಸಂಖ್ಯೆ ನೋಡಿ ಮೋಸ ಹೋಗಬಾರದು. 300 ಮಿಲಿಗ್ರಾಂ ಫೆರಸ್ ಫ್ಯುಮರೇಟ್‌ನಲ್ಲಿ ಇರುವ ನಿಜವಾದ ಕಬ್ಬಿಣ ಸುಮಾರು 100 ಮಿಲಿಗ್ರಾಂ. ನೋಡಬೇಕಾದ್ದು 'ಎಲಿಮೆಂಟಲ್ ಐರನ್' ಎಷ್ಟು ಎಂಬ ಸಾಲನ್ನು. ಓದೋಕೆ ಆಗದಿದ್ದರೆ ಫಾರ್ಮಸಿಸ್ಟ್ ಓದಿ ಹೇಳುತ್ತಾರೆ.

ಇಲ್ಲಿ ಇನ್ನೊಂದು ಅಪಾಯ ಇದೆ. ಸರ್ಕಾರಿ ಆಸ್ಪತ್ರೆಯ ಕೆಂಪು ಮಾತ್ರೆಯೂ ಇದೆ, ಪ್ರೈವೇಟ್ ಡಾಕ್ಟರ್ ಬರೆದ ದುಬಾರಿ ಮಾತ್ರೆಯೂ ಇದೆ, ಮೇಲೊಂದು ಟಾನಿಕ್ ಬೇರೆ. ಮೂರರಲ್ಲೂ ಇರುವುದು ಅದೇ ಕಬ್ಬಿಣ ಅಂತ ಮನೆಯವರಿಗೆ ಗೊತ್ತಿರುವುದಿಲ್ಲ. ಮೂರನ್ನೂ ನುಂಗಿ ಹೊಟ್ಟೆ ಕೆಟ್ಟು, ಕೊನೆಗೆ ಮೂರನ್ನೂ ಬಿಟ್ಟುಬಿಡುತ್ತಾರೆ. ಇರುವ ಎಲ್ಲ ಮಾತ್ರೆ, ಬಾಟಲಿಗಳನ್ನು ಒಂದು ಚೀಲದಲ್ಲಿ ಹಾಕಿ ಕೌಂಟರ್‌ಗೆ ತಂದು ತೋರಿಸುವುದು ಒಳ್ಳೆಯ ಅಭ್ಯಾಸ.

ಉಚಿತ ಮಾತ್ರೆ 'ಸ್ಟ್ರಾಂಗ್ ಅಲ್ಲ' ಎಂಬುದು ತಪ್ಪು ತಿಳಿವಳಿಕೆ. ರಕ್ತಹೀನತೆ ತಡೆಗೆ ಬೇಕಾದ ಪ್ರಮಾಣ ಅದರಲ್ಲೇ ಇದೆ. ದುಡ್ಡಿಗೆ ಕಷ್ಟ ಇರುವವರಿಗೆ 'ಇದೇ ಮಾತ್ರೆ ಆರೋಗ್ಯ ಕೇಂದ್ರದಲ್ಲಿ ಫ್ರೀ ಸಿಗುತ್ತೆ' ಎಂದು ಹೇಳುವ ಅಂಗಡಿಯವರಿಗೆ ಆ ದಿನ ಒಂದು ವ್ಯಾಪಾರ ಕಮ್ಮಿಯಾಗಬಹುದು. ಆದರೆ ದುಡ್ಡಿಲ್ಲದೆ ಎರಡು ಸ್ಟ್ರಿಪ್‌ಗೆ ನಿಲ್ಲಿಸಬೇಕಾಗಿದ್ದ ಮಾತ್ರೆ ಆರು ತಿಂಗಳು ನಡೆಯುತ್ತದೆ.

ಮಕ್ಕಳ ಕೈಗೆ ಸಿಗದಿರಲಿ

ಸಕ್ಕರೆ ಲೇಪದ ಕೆಂಪು ಮಾತ್ರೆ ಮಕ್ಕಳ ಕಣ್ಣಿಗೆ ಪೆಪ್ಪರ್‌ಮೆಂಟ್. ಚಿಕ್ಕ ಮಗು ಹಲವು ಮಾತ್ರೆ ನುಂಗಿದರೆ ಕಬ್ಬಿಣ ವಿಷವಾಗಿ ಪ್ರಾಣಕ್ಕೇ ಅಪಾಯ. ಮೊದಲ ಮಗು ಓಡಾಡಿಕೊಂಡಿರುವ ಮನೆಯಲ್ಲಿ ಮಾತ್ರೆ ಎತ್ತರದಲ್ಲಿ, ಮುಚ್ಚಿಟ್ಟ ಡಬ್ಬಿಯಲ್ಲಿ ಇರಬೇಕು. ಮಗು ನುಂಗಿದೆ ಅನ್ನಿಸಿದರೆ ವಾಂತಿಗೆ ಕಾಯದೆ, ಮನೆಮದ್ದು ಮಾಡದೆ, 108ಕ್ಕೆ ಕರೆ ಮಾಡಿ ಖಾಲಿ ಸ್ಟ್ರಿಪ್ ಸಮೇತ ಆಸ್ಪತ್ರೆಗೆ ಹೋಗಬೇಕು.

ಊಟದಲ್ಲಿ ಏನಿರಲಿ?

ಪಾವಗಡ, ಮಧುಗಿರಿ, ಸಿರಾ ಕಡೆಯ ಅಡುಗೆಮನೆಯಲ್ಲಿ ಒಳ್ಳೆಯ ಸಾಮಗ್ರಿಗೆ ಕೊರತೆಯಿಲ್ಲ. ರಾಗಿ, ಹುರುಳಿ, ಅಲಸಂದೆ, ಕಡಲೆಕಾಯಿ, ಹುಚ್ಚೆಳ್ಳು, ಹೊಲದ ಬದುವಿನ ಸೊಪ್ಪು ಎಲ್ಲ ಇವೆ. ಕೆಲವು ಸಣ್ಣ ಬದಲಾವಣೆ ಸಾಕು:

- ಹುರುಳಿ, ಹೆಸರುಕಾಳು, ರಾಗಿಯನ್ನು ಮೊಳಕೆ ಕಟ್ಟಿ ಬಳಸುವುದು. ಮೊಳಕೆ ಬಂದರೆ ಕಬ್ಬಿಣ ಹೀರಲು ಅಡ್ಡಿಯಾಗುವ ಫೈಟೇಟ್ ಅಂಶ ಕಡಿಮೆಯಾಗುತ್ತದೆ.
- ಬಸ್ಸಾರು, ಉಪ್ಸಾರು, ಸೊಪ್ಪಿನ ಪಲ್ಯಕ್ಕೆ ಕೊನೆಯಲ್ಲಿ ನಿಂಬೆರಸ ಹಿಂಡುವುದು.
- ನುಗ್ಗೆ, ದಂಟು, ಹರಿವೆ ಸೊಪ್ಪು ವಾರಕ್ಕೆ ಮೂರ್ನಾಲ್ಕು ದಿನ.
- ಮಾಂಸ ತಿನ್ನುವವರಿಗೆ ಮಾಂಸ, ಮೀನು. ಇವುಗಳ ಕಬ್ಬಿಣ ಸೊಪ್ಪಿನದ್ದಕ್ಕಿಂತ ಸುಲಭವಾಗಿ ಮೈಗೆ ಹತ್ತುತ್ತದೆ. ಈಲಿಯಲ್ಲಿ ವಿಟಮಿನ್ ಎ ವಿಪರೀತ ಇರುವುದರಿಂದ ಬಸುರಿನಲ್ಲಿ ಪದೇ ಪದೇ ಬೇಡ.
- ಶುದ್ಧ ಸಸ್ಯಾಹಾರಿಗಳಲ್ಲಿ ಬಿ12 ಕೊರತೆಯಿಂದಲೂ ರಕ್ತಹೀನತೆ ಬರಬಹುದು. ಹಾಲು, ಮೊಸರು ಬಿಡಬಾರದು. ಮಾತ್ರೆಯ ಹೊತ್ತಿಗೆ ಮಾತ್ರ ಅವು ಬೇಡ.

ಬೀಟ್‌ರೂಟ್, ದಾಳಿಂಬೆ ಕೆಂಪಗಿವೆ ಎಂಬ ಕಾರಣಕ್ಕೆ ರಕ್ತ ಹೆಚ್ಚಿಸುತ್ತವೆ ಎಂದು ನಂಬುವುದುಂಟು. ತಿನ್ನೋಕೆ ಒಳ್ಳೆಯ ಪದಾರ್ಥಗಳೇ, ಆದರೆ ಅವುಗಳಲ್ಲಿ ಕಬ್ಬಿಣ ಹೆಚ್ಚೇನಿಲ್ಲ. ಮಾತ್ರೆ ಬಿಟ್ಟು ಬೀಟ್‌ರೂಟ್ ಜ್ಯೂಸ್ ಕುಡಿದರೆ ಎಚ್‌ಬಿ ಏರುವುದಿಲ್ಲ.

ಬಳಪ, ಮಣ್ಣು, ಹಸಿ ಅಕ್ಕಿ: ಕಿರಾಣಿ ಅಂಗಡಿಯವರೂ ಗಮನಿಸಿ

ಬಸುರಿಯರು ಬಳಪ, ಸುಣ್ಣದ ಕಡ್ಡಿ, ಜೇಡಿಮಣ್ಣು, ಬೂದಿ, ಹಸಿ ಅಕ್ಕಿ ತಿನ್ನುವುದನ್ನು 'ಬಯಕೆ' ಎಂದು ನಕ್ಕು ಬಿಡುವುದು ರೂಢಿ. ಇದು ಕಬ್ಬಿಣದ ಕೊರತೆಯ ಲಕ್ಷಣವೂ ಆಗಿರಬಹುದು. ಮಣ್ಣು ತಿಂದರೆ ಹುಳು, ಸೋಂಕು ಸೇರುತ್ತದೆ. ಕಬ್ಬಿಣದ ಹೀರಿಕೆಯೂ ಕಡಿಮೆಯಾಗುತ್ತದೆ. ಶಾಲೆಗೆ ಹೋಗುವ ಮಗು ಇಲ್ಲದ ಮನೆಯ ಬಸುರಿ ವಾರ ವಾರ ಬಳಪದ ಡಬ್ಬಿ ಕೊಳ್ಳುತ್ತಿದ್ದರೆ, 'ರಕ್ತ ಪರೀಕ್ಷೆ ಮಾಡಿಸ್ಕೊಳ್ಳಮ್ಮ' ಎಂದು ಅಂಗಡಿಯವರು ಮೆಲ್ಲಗೆ ಒಂದು ಮಾತು ಹೇಳಬಹುದು. ಎಲ್ಲರೆದುರು ಹೇಳಿ ನಾಚಿಸುವುದು ಬೇಡ.

ಕೌಂಟರ್‌ನಲ್ಲಿ ಕೇಳಿಬರುವ ಪ್ರಶ್ನೆಗಳು

*ಕಬ್ಬಿಣದ ಮಾತ್ರೆ ತಿಂದರೆ ಮಗು ಕಪ್ಪಾಗುತ್ತಾ?*
ಇಲ್ಲ. ಮಗುವಿನ ಬಣ್ಣ ಅಪ್ಪ-ಅಮ್ಮನಿಂದ ಬರುತ್ತದೆ. ಮಾತ್ರೆಯಿಂದ ಬಣ್ಣ ಬದಲಾಗುವುದು ಮಲದ್ದು ಮಾತ್ರ.

*ಮಗು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತಂತೆ?*
ಇಲ್ಲ. ಮಗು ಸರಿಯಾದ ತೂಕಕ್ಕೆ ಬರಲು ಮಾತ್ರೆ ನೆರವಾಗುತ್ತದೆ. ಹೆರಿಗೆ ಕಷ್ಟವಾಗುವುದು ತಾಯಿಗೆ ರಕ್ತ ಇಲ್ಲದಿದ್ದಾಗ.

*ಉಷ್ಣ ಆಗುತ್ತೆ ಅಂತಾರಲ್ಲ?*
ಹೊಟ್ಟೆ ಉರಿ, ಮಲಬದ್ಧತೆಯನ್ನೇ ಜನ ಉಷ್ಣ ಎನ್ನುತ್ತಾರೆ. ಮಲಗುವ ಮುಂಚೆ ತಗೊಳ್ಳುವುದು, ನೀರು ಹೆಚ್ಚು ಕುಡಿಯುವುದರಿಂದ ಬಹುತೇಕ ಸರಿಹೋಗುತ್ತದೆ.

*ಎಚ್‌ಬಿ 11 ಆಯ್ತು, ನಿಲ್ಲಿಸಬಹುದಾ?*
ಬೇಡ. ರಕ್ತದಲ್ಲಿ ಏರಿದರೂ ಮೈಯ ದಾಸ್ತಾನು ಇನ್ನೂ ತುಂಬಿರುವುದಿಲ್ಲ. ಎರಡು ಮಾತ್ರೆ ತಗೊಳ್ಳುತ್ತಿದ್ದವರು ವೈದ್ಯರನ್ನು ಕೇಳಿ ಒಂದಕ್ಕೆ ಇಳಿಸಿ ಮುಂದುವರಿಸಬೇಕು.

*ಒಂದೇ ಡ್ರಿಪ್ ಹಾಕಿಸಿಕೊಂಡರೆ ಆಗಲ್ವಾ?*
ಮಾತ್ರೆ ಒಗ್ಗದವರಿಗೆ, ತಿಂಗಳು ತುಂಬುತ್ತಾ ಬಂದವರಿಗೆ ವೈದ್ಯರು ನರದ ಮೂಲಕ ಕಬ್ಬಿಣ ಕೊಡುತ್ತಾರೆ. ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದಾದ್ದರಿಂದ ತುರ್ತು ವ್ಯವಸ್ಥೆ ಇರುವ ಆಸ್ಪತ್ರೆಯಲ್ಲೇ ಹಾಕಿಸಿಕೊಳ್ಳಬೇಕು.

ಇವು ಕಂಡರೆ ಆಸ್ಪತ್ರೆಗೇ ಹೋಗಿ

- ಎಚ್‌ಬಿ 7ಕ್ಕಿಂತ ಕಡಿಮೆ. 5ಕ್ಕಿಂತ ಕಡಿಮೆಯಾದರೆ ತಕ್ಷಣ ದಾಖಲಾಗಬೇಕು.
- ಕೂತಲ್ಲೇ ಏದುಸಿರು, ಎದೆ ಬಡಿತ, ತಲೆಸುತ್ತಿ ಬೀಳುವುದು
- ಮುಖ, ಕೈ ಊದುವುದು, ತೀವ್ರ ತಲೆನೋವು, ಕಣ್ಣು ಮಂಜಾಗುವುದು
- ಯಾವುದೇ ರಕ್ತಸ್ರಾವ
- ಮಗುವಿನ ಅಲುಗಾಟ ಕಡಿಮೆಯಾಗುವುದು
- ಒಂದು ತಿಂಗಳು ಸರಿಯಾಗಿ ಮಾತ್ರೆ ತಗೊಂಡರೂ ಎಚ್‌ಬಿ ಏರದಿರುವುದು. ಥಲಸ್ಸೇಮಿಯಾ, ಕುಡಗೋಲು ಕಣ ಕಾಯಿಲೆಯಂಥ ಆನುವಂಶಿಕ ಕಾರಣಗಳೂ ಇರಬಹುದು.

ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಮೆಡಿಕಲ್ ಶಾಪ್‌ನವರು ಈ ತಾರೀಕನ್ನು ಬೋರ್ಡ್‌ನಲ್ಲಿ ಬರೆದಿಟ್ಟರೆ ಅನುಕೂಲ.

ಅಂಗಡಿಯವರಿಗೆ: ಕೌಂಟರ್ ಪಕ್ಕ ಅಂಟಿಸಿಕೊಳ್ಳುವ ಪಟ್ಟಿ

1. ಎಷ್ಟು ತಿಂಗಳು? ಕೊನೆಯ ಎಚ್‌ಬಿ ಎಷ್ಟು? ತಾಯಿ ಕಾರ್ಡ್ ಇದೆಯಾ?
2. ಬೇರೆ ಯಾವ ಮಾತ್ರೆ, ಟಾನಿಕ್ ನಡೀತಿದೆ? ಸರ್ಕಾರಿ ಮಾತ್ರೆ ಮನೆಯಲ್ಲಿದೆಯಾ?
3. ಟೀ, ಹಾಲು, ಕ್ಯಾಲ್ಸಿಯಂನಿಂದ ಎರಡು ಗಂಟೆ ದೂರ ಎಂದು ಹೇಳಿದ್ದಾಯಿತೇ?
4. ಮಲ ಕಪ್ಪಾಗುತ್ತೆ, ಹೆದರಬೇಡಿ ಎಂದು ಹೇಳಿದ್ದಾಯಿತೇ?
5. ಸ್ಟ್ರಿಪ್ ಮೇಲೆ ತಾರೀಕು, ಹೊತ್ತು ಬರೆದದ್ದಾಯಿತೇ?
6. ಮಕ್ಕಳಿಂದ ದೂರ ಇಡಿ ಎಂದದ್ದಾಯಿತೇ?
7. ಮುಂದಿನ ಎಚ್‌ಬಿ ಪರೀಕ್ಷೆ ಯಾವಾಗ?

ಗಿರಾಕಿ ಗಂಡನೋ ಅತ್ತೆಯೋ ಆಗಿದ್ದರೆ ಈ ಮಾತುಗಳನ್ನು ಅವರಿಗೇ ಹೇಳಬೇಕು. ಮನೆಯಲ್ಲಿ ಟೀ ಕಾಯಿಸುವವರು, ಮಾತ್ರೆ ನೆನಪಿಸುವವರು ಅವರೇ. ಬೇರೆ ಗಿರಾಕಿಗಳ ಮುಂದೆ ಜೋರಾಗಿ ಹೇಳದೆ, ಪಕ್ಕಕ್ಕೆ ಕರೆದು ಹೇಳಿದರೆ ಹೆಣ್ಣುಮಕ್ಕಳು ಮತ್ತೆ ಬಂದು ಕೇಳುತ್ತಾರೆ.

ಹೆರಿಗೆ ಆದಮೇಲೆ ಮರೆಯಬೇಡಿ

ಮಗು ಬಂದ ಮೇಲೆ ಮನೆಯವರ ಗಮನವೆಲ್ಲ ಮಗುವಿನ ಕಡೆ. ಬಾಣಂತಿ ಪಥ್ಯದ ಹೆಸರಲ್ಲಿ ಸೊಪ್ಪು, ಹಣ್ಣು, ಕೆಲವು ಮನೆಗಳಲ್ಲಿ ನೀರೂ ಕಡಿಮೆ ಮಾಡುತ್ತಾರೆ. ಮಾತ್ರೆಯಂತೂ ನಿಂತೇ ಹೋಗುತ್ತದೆ. ಹೆರಿಗೆಯಲ್ಲಿ ಹೋದ ರಕ್ತ ತುಂಬಿಕೊಳ್ಳಬೇಕಾದ ಕಾಲ ಇದು. ಮುಂದಿನ ಬಸುರಿಗೆ ಮೈಯಲ್ಲಿ ಕಬ್ಬಿಣ ಉಳಿಯಬೇಕಾದ ಕಾಲವೂ ಹೌದು. ಹಾಲೂಡಿಸುವ ತಾಯಂದಿರು ಈ ಮಾತ್ರೆ ತಗೊಂಡರೆ ಮಗುವಿಗೆ ತೊಂದರೆಯಿಲ್ಲ. ಮಗುವಿನ ಲಸಿಕೆಗೆ ಹೋದಾಗ ತಾಯಿಯ ಮಾತ್ರೆಯನ್ನೂ ಕೇಳಿ ಪಡೆಯಬಹುದು.

ಗಮನಿಸಿ: ಇದು ಸಾಮಾನ್ಯ ಮಾಹಿತಿ. ಮಾತ್ರೆಯ ಪ್ರಮಾಣ, ಬದಲಾವಣೆ, ಇಂಜೆಕ್ಷನ್ ಬಗ್ಗೆ ತಪಾಸಣೆ ಮಾಡುವ ವೈದ್ಯರ ಮಾತೇ ಅಂತಿಮ.